ಭಾನುವಾರದ ಫ್ರಿಸ್ಬಿ, ಮನೆಯ ಲೆಕ್ಕ

(ಗುರುತು ಸಿಗದ ಹಾಗೆ ಹೆಸರು, ಉದ್ಯೋಗ, ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಆಪ್ತಸಲಹೆಗೆ ಸಮಯ ಕೇಳಿ ನನಗೆ ಫೋನ್ ಮಾಡಿದವರು ವಿದ್ಯಾ. "ನಮ್ಮ ಮನೆಯವರಿಗೊಂದು ಚಟ ಇದೆ, ಬಿಡಿಸ್ಬೇಕು" ಅಂದರು. ಕುಡಿತ ಇರಬಹುದು, ಇಲ್ಲವೇ ಆನ್‌ಲೈನ್ ರಮ್ಮಿ ಅಂದುಕೊಂಡೆ. ಇಬ್ಬರೂ ಬಂದು ಕೂತ ಮೇಲೆ ಗೊತ್ತಾಯಿತು, ಚಟ ಫ್ರಿಸ್ಬಿಯದು.

ರಘುಗೆ 41, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಮ್ಯಾನೇಜರ್. ವಿದ್ಯಾಗೆ 37, ಬ್ಯಾಂಕ್ ಕೆಲಸ. ಮಗಳು ಒಂದನೇ ಕ್ಲಾಸು. ರಘು ಅವರ ತಾಯಿ ಜೊತೆಗಿದ್ದಾರೆ, ಮಂಡಿನೋವು.

ಆಟದ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ವಿದ್ಯಾ ಅದನ್ನು ಪಾರ್ಕಿನಲ್ಲಿ ಮಕ್ಕಳು ತಟ್ಟೆ ಎಸೆಯುವ ಆಟ ಅಂತಲೇ ತಿಳಿದಿದ್ದರು. ಅಲ್ಟಿಮೇಟ್ ಫ್ರಿಸ್ಬಿ 1968ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಹೈಸ್ಕೂಲ್ ಹುಡುಗರು ಶುರುಮಾಡಿದ ತಂಡದ ಆಟ. ಒಂದು ಕಡೆ ಏಳು ಜನ, 175 ಗ್ರಾಂ ತೂಕದ ಡಿಸ್ಕ್. ಡಿಸ್ಕ್ ಕೈಗೆ ಬಂದ ಮೇಲೆ ಓಡುವಂತಿಲ್ಲ, ಹತ್ತು ಸೆಕೆಂಡಿನೊಳಗೆ ಎಸೆಯಬೇಕು. ಎದುರಾಳಿಯ ಎಂಡ್ ಝೋನ್‌ನಲ್ಲಿ, ಅಂದರೆ ಮೈದಾನದ ಆ ತುದಿಯಲ್ಲಿ ಗುರುತು ಮಾಡಿದ ಜಾಗದಲ್ಲಿ, ನಮ್ಮವರು ಹಿಡಿದರೆ ಒಂದು ಪಾಯಿಂಟ್. ಉಳಿದವರೆಲ್ಲ ಅಷ್ಟು ಹೊತ್ತೂ ಓಡುತ್ತಲೇ ಇರಬೇಕು. ರೆಫರಿ ಇಲ್ಲ, ಫೌಲನ್ನು ಆಟಗಾರರೇ ಕೂಗಿ, ಮಾತಾಡಿ ಬಗೆಹರಿಸಿಕೊಳ್ಳುತ್ತಾರೆ. ಎಷ್ಟೋ ತಂಡಗಳಲ್ಲಿ ಗಂಡಸರು ಹೆಂಗಸರು ಒಟ್ಟಿಗೇ ಆಡುತ್ತಾರೆ. ಇದರ ಬಗ್ಗೆ ಅತ್ತೆಯವರು ಒಮ್ಮೆ ಕೊಂಕು ತೆಗೆದಿದ್ದರಂತೆ. "ಅದಲ್ಲ ನನ್ನ ತೊಂದರೆ" ಎಂದು ವಿದ್ಯಾ ಅಲ್ಲಿಗೇ ಕೈಬಿಟ್ಟರು, ನಾನೂ ಕೆದಕಲಿಲ್ಲ.

ರಘು ವಾದ ಸರಳ. ವಾರಕ್ಕೆ ಎರಡು ಗಂಟೆ ಆಟ. ಮೂರು ತಿಂಗಳ ಸಕ್ಕರೆ ಮಟ್ಟ ತೋರಿಸುವ ರಕ್ತಪರೀಕ್ಷೆ ಎಚ್‌ಬಿಎ1ಸಿ 6.1 ಬಂದಾಗ ವ್ಯಾಯಾಮ ಮಾಡಿ ಎಂದು ಡಾಕ್ಟರೇ ಹೇಳಿದ್ದರು. ಕುಡಿಯಲ್ಲ, ಸೇದಲ್ಲ. ಎರಡು ಗಂಟೆಗೂ ಲೆಕ್ಕ ಕೊಡಬೇಕಾ?

ಈ ಎರಡು ಗಂಟೆಯ ಮಾತು ನನಗೆ ಹಳೆಯ ಪರಿಚಯ. ಕ್ರಿಕೆಟ್, ಸೈಕ್ಲಿಂಗ್, ಟ್ರೆಕ್ಕಿಂಗ್, ಯಾವುದೇ ಆಗಲಿ, ಆಡುವವರು ಆಟದ ಹೊತ್ತನ್ನು ಮಾತ್ರ ಎಣಿಸುತ್ತಾರೆ. ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟು, ಹೋದ ಭಾನುವಾರ ಬೆಳಿಗ್ಗೆ ಐದರಿಂದ ಮಧ್ಯಾಹ್ನ ಮೂರರವರೆಗೆ ಏನೇನಾಯಿತು ಬರೆಯಿರಿ ಎಂದೆ.

ರಘು ಹಾಳೆಯಲ್ಲಿ ನಾಲ್ಕು ಸಾಲು. ಐದೂವರೆಗೆ ಹೊರಟದ್ದು, ಆರೂವರೆಯಿಂದ ಎಂಟೂವರೆ ಆಟ, ತಂಡದ ಜೊತೆ ತಿಂಡಿ, ಮನೆ. ವಿದ್ಯಾ ಹಾಳೆ ಎರಡೂ ಬದಿ ತುಂಬಿತ್ತು. ಐದು ಗಂಟೆಗೆ ಬಿಳಿ ಜರ್ಸಿ ಎಲ್ಲಿ ಎಂದು ಬೀರು ಎಳೆದ ಸದ್ದಿಗೆ ಎಚ್ಚರ. (ತಂಡ ಹಂಚುವಾಗ ಯಾವ ಕಡೆಗೆ ಬೀಳುತ್ತೇವೋ ಗೊತ್ತಿರುವುದಿಲ್ಲ, ಹಾಗಾಗಿ ಬಿಳಿಯದೊಂದು, ಕಡುಬಣ್ಣದ್ದೊಂದು ಎರಡೂ ಒಯ್ಯಬೇಕು.) ಅತ್ತೆಗೆ ಬಿಸಿನೀರಿನ ಶಾಖ. ಮಗಳ ಹೋಮ್‌ವರ್ಕ್. ಹತ್ತೂವರೆಗೆ "ಸಿಲ್ಕ್ ಬೋರ್ಡ್ ಹತ್ರ ಇದೀನಿ" ಎಂಬ ಮೆಸೇಜು. ಹನ್ನೊಂದೂವರೆಗೆ ಬಾಲ್ಕನಿಯಲ್ಲಿ ಬೂಟಿನ ಅಡಿಯ ಸ್ಟಡ್‌ಗಳ ಸಂದಿಯಿಂದ ಉದುರಿದ ಕೆಂಪು ಮಣ್ಣು. ಊಟ ಮಾಡಿ ಎರಡೂವರೆಯವರೆಗೆ ಅವರ ನಿದ್ದೆ, "ಅಪ್ಪ ಮಲಗಿದಾರೆ, ಸದ್ದು ಮಾಡ್ಬೇಡ" ಎಂದು ಮಗಳಿಗೆ ಹೇಳುತ್ತಾ ತಾನು.

ರಘು ಆ ಹಾಳೆಯನ್ನು ತುಂಬ ಹೊತ್ತು ಓದಿದರು. ಎರಡು ಗಂಟೆಯ ಮಾತು ಮತ್ತೆ ಎತ್ತಲಿಲ್ಲ.

ಆದರೂ ಗಂಟೆಗಳೇ ಮೂಲ ಎಂದು ನನಗೆ ಅನಿಸಲಿಲ್ಲ. ಎರಡನೇ ಭೇಟಿಯಲ್ಲಿ ವಿದ್ಯಾ ಬಾಯಿಂದ ಅದು ಹೊರಬಿತ್ತು. ತಂಡದ ವಾಟ್ಸಾಪ್ ಗುಂಪಿನಲ್ಲಿ ಪ್ರತಿ ಬುಧವಾರ ರಾತ್ರಿ ಪೋಲ್ ಹಾಕುತ್ತಾರೆ, ಭಾನುವಾರ ಯಾರ್‍ಯಾರು ಬರ್ತೀರಿ ಅಂತ. ರಘು ಐದು ನಿಮಿಷದಲ್ಲಿ "ಇನ್" ಒತ್ತುತ್ತಾರೆ. ಮನೆಗೆ ಗೊತ್ತಾಗುವುದು ಶನಿವಾರ ರಾತ್ರಿ, ಅದೂ ಅಲಾರಂ ಇಡುವಾಗ. ಅಷ್ಟು ಹೊತ್ತಿಗೆ ವಿದ್ಯಾ ತವರಿಗೋ ಮದುವೆಗೋ ಹೋಗುವ ಯೋಚನೆ ಮಾಡಿರುತ್ತಾರೆ. ಆಗ ರಘು ಹೇಳುವುದು, "ಆಗ್ಲೇ ಹೇಳ್ಬಿಟ್ಟಿದೀನಿ, ಹದಿನಾಲ್ಕು ಜನ ಆಗೋದೇ ಕಷ್ಟ, ಈಗ ಕೈಕೊಟ್ರೆ ಚೆನ್ನಾಗಿರಲ್ಲ."

ತಂಡದಲ್ಲಿ ಮಾತಿಗೆ ತಪ್ಪದ ಮನುಷ್ಯ ಎಂಬ ಹೆಸರು ಅವರಿಗಿದೆ. ಆ ಹೆಸರಿಗೆ ಬೆಲೆ ತೆತ್ತಿದ್ದು ಮನೆ. ವಿದ್ಯಾ ಬಯಸಿದ್ದು ಆಟ ನಿಲ್ಲಿಸುವುದನ್ನಲ್ಲ, ತನ್ನನ್ನು ಮೊದಲು ಕೇಳುವುದನ್ನು.

ರಘು ಮಾತನ್ನೂ ಬರೆಯದಿದ್ದರೆ ಅನ್ಯಾಯ. ದಿನವಿಡೀ ಕಾಲ್‌ಗಳು, ತನ್ನ ಕೈಕೆಳಗಿನವರ ಅಪ್ರೈಸಲ್, ಮೇಲಿನವರ ಒತ್ತಡ. ಮೈದಾನದಲ್ಲಿ ಅವರನ್ನು ಸರ್ ಎನ್ನುವವರಿಲ್ಲ. ಇಪ್ಪತ್ತೆರಡರ ಹುಡುಗಿಯೊಬ್ಬಳು "ಅಂಕಲ್, ಅಷ್ಟು ದೂರ ಎಸೀಬೇಡಿ" ಎಂದು ಬೈಯುತ್ತಾಳೆ, ಅದೇ ಖುಷಿ ಎಂದರು. ಈ ಖುಷಿ ಸಣ್ಣದಲ್ಲ. ನಲವತ್ತು ದಾಟಿದ ಗಂಡಸರಿಗೆ ಆಫೀಸು, ನೆಂಟರು ಬಿಟ್ಟರೆ ಸ್ನೇಹಿತರೇ ಇಲ್ಲದಂತಾಗಿರುವುದನ್ನು ನನ್ನ ಕೋಣೆಯಲ್ಲಿ ಆಗಾಗ ನೋಡುತ್ತೇನೆ. ಹಾಗಾಗಿ ಆಟ ಬಿಡಿ ಎಂದು ಹೇಳುವ ಪ್ರಶ್ನೆಯೇ ಬರಲಿಲ್ಲ.

ನಡುವೆ ಅವರು ಫ್ರಿಸ್ಬಿಯ "ಸ್ಪಿರಿಟ್ ಆಫ್ ದ ಗೇಮ್" ವಿಷಯ ತಂದರು. ರೆಫರಿ ಇಲ್ಲದೆ ಮೈದಾನದಲ್ಲಿ ಜಗಳ ಬಗೆಹರಿಸಿಕೊಳ್ಳುವ ಹಾಗೆ ಮನೆಯಲ್ಲೂ ಮಾಡಬಹುದಲ್ಲ ಎಂದು. ಕೇಳಲು ಚೆಂದ. ಆದರೆ ವಿದ್ಯಾ ಮುಖ ನೋಡಿ ನಾನದನ್ನು ಮುಂದುವರಿಸಲಿಲ್ಲ. ಮನೆಯ ಜಗಳಕ್ಕೂ ಫ್ರಿಸ್ಬಿಯ ಭಾಷೆಯನ್ನೇ ತಂದರೆ ಅಲ್ಲೂ ಅವರದೇ ಮೈದಾನವಾಗುತ್ತದೆ.

ಕೊಟ್ಟ ಸಲಹೆ ಹೀಗಿತ್ತು. ಪೋಲ್‌ಗೆ ಉತ್ತರಿಸುವ ಮೊದಲು ವಿದ್ಯಾರನ್ನು ಕೇಳುವುದು, ಗುರುವಾರ ಬೆಳಿಗ್ಗೆಯವರೆಗೆ ಗುಂಪಿಗೆ ಏನೂ ಹೇಳದಿರುವುದು. ತಿಂಗಳಿಗೆ ಮೂರು ಭಾನುವಾರ ಆಟ, ಒಂದು ಪೂರ್ತಿ ಮನೆಗೆ. ತಿಂಡಿಗೆ ಕೂರುವುದು ತಿಂಗಳಿಗೊಮ್ಮೆ, ಉಳಿದ ದಿನ ಹತ್ತು ಗಂಟೆಗೆ ಮನೆಯಲ್ಲಿ. ಅದಕ್ಕೆ ತಕ್ಕಂತೆ ಮನೆಗೆ ಹತ್ತಿರದ ಟರ್ಫ್‌ನಲ್ಲಿ ಆಡುವ ಇನ್ನೊಂದು ಗುಂಪು ಸಿಗುತ್ತದೆಯೇ ನೋಡುವುದು. ಜರ್ಸಿ, ಬೂಟು, ಬಾಲ್ಕನಿಯ ಮಣ್ಣು ಆಡಿದವರ ಪಾಲು. ಶನಿವಾರ ಮಧ್ಯಾಹ್ನ ಮೂರರಿಂದ ಏಳು ವಿದ್ಯಾ ಅವರದು. ಆ ಹೊತ್ತಿನಲ್ಲಿ ಮಗಳು ಮತ್ತು ಅಮ್ಮನ ಜವಾಬ್ದಾರಿ ರಘು ಅವರದು, "ಜೀರಿಗೆ ಡಬ್ಬಿ ಎಲ್ಲಿದೆ" ಎಂದು ಫೋನ್ ಮಾಡುವಂತಿಲ್ಲ.

ದೇಹದ ಬಗ್ಗೆಯೂ ಹೇಳಿದೆ. ವಯಸ್ಕರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವ್ಯಾಯಾಮ, ಅಥವಾ 75ರಿಂದ 150 ನಿಮಿಷ ಬಿರುಸಿನದು, ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಆರು ದಿನ ಕುರ್ಚಿಗೆ ಅಂಟಿ, ಏಳನೇ ದಿನ ಸ್ಟಡ್ ಹಾಕಿಕೊಂಡು ಇಪ್ಪತ್ತರವರ ಹಿಂದೆ ಓಡಿ ಗಕ್ಕನೆ ತಿರುಗಿದರೆ ತೊಡೆಯ ಹಿಂಭಾಗ, ಮಂಡಿ ಎರಡೂ ಅಪಾಯದಲ್ಲಿ. ಒಮ್ಮೆ ರಘು ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ಎಳೆದುಕೊಂಡು ಮಲಗಿದ್ದಾಗ ಆರೈಕೆ ಮಾಡಿದ್ದೂ ವಿದ್ಯಾನೇ. ಫಿಸಿಯೋ ಹತ್ತಿರ ಹೋಗಿ ವಾರದ ನಡುವಿನ ವ್ಯಾಯಾಮ ಬರೆಸಿಕೊಳ್ಳಿ ಎಂದೆ. ಡಿಸ್ಕ್‌ಗಾಗಿ ಉದ್ದಕ್ಕೂ ಓಡುವ ಕಟರ್ ಬಿಟ್ಟು, ಹಿಂದೆ ನಿಂತು ಎಸೆತ ನಡೆಸುವ ಹ್ಯಾಂಡ್ಲರ್ ಆಗುವ ಯೋಚನೆ ರಘು ಅವರದೇ. ಹೇಳುವಾಗ ಮುಖ ಸ್ವಲ್ಪ ಬಾಡಿತು.

ಮೂರನೇ ಭೇಟಿಯ ಹೊತ್ತಿಗೆ ಮೊದಲು ಕೇಳುವ ಪದ್ಧತಿ ರೂಢಿಯಾಗಿತ್ತು. ಹತ್ತು ಗಂಟೆಯ ಗಡುವು ಎರಡು ಸಲ ಮೀರಿತ್ತು, ಟ್ರಾಫಿಕ್ ಎಂದರು, ವಿದ್ಯಾ ನಂಬಲಿಲ್ಲ. ಹತ್ತಿರದ ಟರ್ಫ್ ಹುಡುಕಿದಾರಾ ಎಂದರೆ ಉತ್ತರವಿಲ್ಲ. ಶನಿವಾರ ವಿದ್ಯಾ ಏನು ಮಾಡಿದರು ಎಂದು ಕೇಳಿದೆ. ಬಾಗಿಲು ಹಾಕಿಕೊಂಡು ಮಲಗಿದರಂತೆ. ಹಾಡು ಕಲಿಯಲಿ, ಗೆಳತಿಯರ ಜೊತೆ ಹೋಗಲಿ ಎಂದು ರಘು ಪಟ್ಟಿ ಕೊಡಹೊರಟರು. ಆ ಸಮಯದಲ್ಲಿ ಏನು ಮಾಡಬೇಕು ಅನ್ನುವುದು ನಿಮ್ಮ ವಿಷಯವಲ್ಲ ಎಂದು ನಿಲ್ಲಿಸಿದೆ. ಗೋವಾದಲ್ಲಿ ಬೀಚ್ ಟೂರ್ನಮೆಂಟ್ ಒಂದಿದೆ, ಮೂರು ದಿನ, ಮಗಳ ಪರೀಕ್ಷೆಯ ವಾರದಲ್ಲೇ. ಅದಿನ್ನೂ ತೀರ್ಮಾನವಾಗಿಲ್ಲ. ಗುಂಪಿಗೆ ಮಾತ್ರ ರಘು ಈ ಸಲ "ಮನೇಲಿ ಕೇಳಿ ಹೇಳ್ತೀನಿ" ಎಂದು ಬರೆದಿದ್ದಾರೆ, ಅದನ್ನು ವಿದ್ಯಾನೇ ತೋರಿಸಿದರು.