ಪೂರ್ತಿ ಒಂದು ನಿಮಿಷ ಎಣಿಸು

ಪ್ರಶ್ನೆ: ದ್ವಿತೀಯ ಪಿಯುಸಿ ಓದುತ್ತಿದ್ದೇನೆ. ಪರಿಚಯದ ವೈದ್ಯರೊಬ್ಬರ ಜೊತೆ ಮಡಿಕೇರಿಯಲ್ಲಿ ಐದು ದಿನ ಮಕ್ಕಳ ವಾರ್ಡಿನಲ್ಲಿ ನಿಂತು ನೋಡುವ ಅವಕಾಶ ಸಿಕ್ಕಿತ್ತು. ಎರಡನೇ ದಿನ ಪುಟ್ಟ ಮಗುವಿಗೆ ಡ್ರಿಪ್ ಸೂಜಿ ಹಾಕುವುದನ್ನು ನೋಡಲಾಗದೆ ಅಳುತ್ತಾ ಹೊರಗೆ ಬಂದೆ. ಆಮೇಲೆ ಮೂಲೆಯಲ್ಲೇ ನಿಂತಿದ್ದೆ. ನೀಟ್ ಆಸೆ ಬಿಟ್ಟುಬಿಡಲೇ?
– ಓದುಗಿ, ಸೋಮವಾರಪೇಟೆ

ಉತ್ತರ: ಬೇಡಮ್ಮ, ಬಿಡಬೇಡ. ಎಳೆಗೂಸಿನ ಅಂಗೈ ಹಿಂದಿನ ರಕ್ತನಾಳ ದಾರದಷ್ಟು ಸಪೂರ. ಅದನ್ನು ಹುಡುಕುವಷ್ಟು ಹೊತ್ತು ಮಗು ಕಿರುಚುತ್ತದೆ, ತಾಯಿ ಮುಖ ತಿರುಗಿಸಿಕೊಳ್ಳುತ್ತಾಳೆ. ನಿನಗೆ ಅಳು ಬಂದದ್ದು ಸಹಜ. ಸೂಜಿ ಹಿಡಿಯುವುದನ್ನು ಕಾಲೇಜು ಕಲಿಸುತ್ತದೆ.

ಮೂಲೆಯಲ್ಲಿ ನಿಂತೇ ಕಲಿಯುವಂಥದ್ದು ಒಂದಿದೆ. ನಾನು ಹೌಸ್ ಸರ್ಜನ್, ಅಂದರೆ ತರಬೇತಿ ವೈದ್ಯನಾಗಿದ್ದಾಗ, ಕೊಡಗಿನ ಕಕ್ಕಡ ತಿಂಗಳ ಮಳೆಯ ಒಂದು ರಾತ್ರಿ, ತೋಟದ ಕೂಲಿಗಳ ಲೈನ್ ಮನೆಯಿಂದ ಹತ್ತು ತಿಂಗಳ ಕೂಸನ್ನು ಕಂಬಳಿಯಲ್ಲಿ ಸುತ್ತಿ ತಂದಿದ್ದರು. ಕಂಬಳಿಗೆಲ್ಲ ಒಲೆಯ ಹೊಗೆಯ ವಾಸನೆ. ಕೆಮ್ಮಿತ್ತು. ಅರ್ಧ ನಿಮಿಷ ಉಸಿರು ಎಣಿಸಿದೆ, 23. ದುಪ್ಪಟ್ಟು ಮಾಡಿ 46 ಎಂದು ಬರೆದೆ. ಹಿರಿಯ ಸಿಸ್ಟರ್ ಮಾತಾಡಲಿಲ್ಲ. ಕೂಸಿನ ಅಂಗಿ ಮೇಲೆತ್ತಿ, ತಮ್ಮ ವಾಚು ಬಿಚ್ಚಿ ನನ್ನ ಕೈಗಿಟ್ಟರು. ಪೂರ್ತಿ ನಿಮಿಷ ಎಣಿಸಿದರೆ 54! ಎಳೆಯ ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ, ತುಸು ತಡೆದು ಮತ್ತೆ ಓಡುತ್ತದೆ. ನ್ಯುಮೋನಿಯಾ ಇದ್ದ ಆ ಕೂಸನ್ನು ನಾನು ಸಿರಪ್ ಕೊಟ್ಟು ಮನೆಗೆ ಕಳಿಸುವವನಿದ್ದೆ. ಅವತ್ತು ಡ್ಯೂಟಿ ರೂಮಿನಲ್ಲಿ ನಾನೂ ಅತ್ತಿದ್ದೇನೆ.

ಲೆಕ್ಕ ಇಷ್ಟೇ: ಎರಡು ತಿಂಗಳಿಂದ ವರ್ಷದೊಳಗಿನ ಮಗುವಿಗೆ ನಿಮಿಷಕ್ಕೆ 50, ಒಂದರಿಂದ ಐದು ವರ್ಷದವರೆಗೆ 40 ಮುಟ್ಟಿತೆಂದರೆ ವೇಗದ ಉಸಿರು. ಅಳುವಾಗ ಎಣಿಸಿದ್ದು ಲೆಕ್ಕಕ್ಕಿಲ್ಲ, ತಾಯಿಯ ಮಡಿಲಲ್ಲಿ ಸುಮ್ಮನಿರಬೇಕು. ಉಸಿರೆಳೆದಾಗಲೆಲ್ಲ ಪಕ್ಕೆಯ ಕೆಳಗೆ ಗುಳಿ ಬೀಳುತ್ತಿದ್ದರೆ ತಡಮಾಡದೆ ವೈದ್ಯರನ್ನು ಕರೆ.

ಮತ್ತೆ ಹೋಗು. ನೆಗಡಿಯಾಗಿದ್ದರೆ ಮಾತ್ರ ಬೇಡ, ಆ ಮಕ್ಕಳಿಗೆ ಅದೂ ಭಾರ. ಫೋನು ಚೀಲದಲ್ಲಿರಲಿ, ಟಿಪ್ಪಣಿಯಲ್ಲಿ ಯಾರ ಹೆಸರೂ ಬೇಡ. ವೈದ್ಯರು ಒಪ್ಪಿದರೆ ತಾಯಂದಿರನ್ನು ಮಾತಾಡಿಸು: ಮನೆಯಲ್ಲಿ ಒಲೆ ಎಲ್ಲಿದೆ, ಮಗುವನ್ನು ಎಲ್ಲಿ ಮಲಗಿಸುತ್ತೀರಿ ಎಂದು ಕೇಳು. ಮಳೆಗಾಲದಲ್ಲಿ ಬಾಗಿಲು ಮುಚ್ಚಿದ ಒಂದೇ ಕೋಣೆಯಲ್ಲಿ ಸೌದೆ ಉರಿಯುವ ಮನೆಗಳು ನಮ್ಮ ತೋಟಗಳಲ್ಲಿ ಇನ್ನೂ ಇವೆ. ಔಷಧಿ ಬರೆಯುವವರಿಗೆ ಇದು ಗೊತ್ತಿರಬೇಕು.

ಸೆಕೆಂಡಿನ ಮುಳ್ಳಿರುವ ವಾಚೊಂದು ಜೇಬಿನಲ್ಲಿರಲಿ.