ಗಂಡನ ಸಹಿಗಾಗಿ ನಾನು ಇಪ್ಪತ್ತು ದಿನ ಕಾದೆ, ನೀವು ಕಾಯಬೇಡಿ

ನಿಮ್ಮ ಪ್ರಶ್ನೆ ಓದಿ ಮೊಬೈಲ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. ಎರಡು ಮಕ್ಕಳಿವೆ, ಮೂರನೆಯದು ಬೇಡ, ಏಳು ವಾರ ಆಗಿದೆ, ಗಂಡ ಮಸ್ಕತ್‌ನಲ್ಲಿದ್ದಾರೆ, ಗರ್ಭಪಾತ ಮಾಡಲು ಆಸ್ಪತ್ರೆಯವರು ಅವರ ಸಹಿ ಕೇಳುತ್ತಿದ್ದಾರೆ, ವಾಟ್ಸಾಪ್‌ನಲ್ಲಿ ತರಿಸಿದ ಸಹಿ ನಡೆಯುತ್ತಾ ಅಂತ ಕೇಳಿದ್ದೀರಿ. ಮಸ್ಕತ್ ಒಂದು ಬಿಟ್ಟರೆ ಇದು ನನ್ನದೇ ಕಥೆ.

2023ರ ಫೆಬ್ರವರಿ. ನಮ್ಮದು ತಿಪಟೂರು ಕಡೆ. ನಮ್ಮ ಯಜಮಾನರು ಲಾರಿ ಓಡಿಸುತ್ತಾರೆ. ಕೊಬ್ಬರಿ ಲೋಡ್ ತಗೊಂಡು ದೆಹಲಿಗೆ ಹೊರಟು ಎರಡು ದಿನವಾಗಿತ್ತು, ನಾನು ಒಂದು ಖಾಸಗಿ ಆಸ್ಪತ್ರೆಗೆ ಹೋದೆ. ಸ್ಕ್ಯಾನ್‌ನಲ್ಲಿ ಏಳು ವಾರ ಎರಡು ದಿನ ಅಂತ ಬಂತು. ಕಾಂಡೋಮ್ ಕೈಕೊಟ್ಟಿತ್ತು. 'ಮಾತ್ರೆಯಲ್ಲೇ ಆಗುತ್ತಮ್ಮ, ಹೆದರಬೇಡಿ' ಅಂದರು ಡಾಕ್ಟರು. ಎದ್ದು ಕೌಂಟರ್‌ಗೆ ಬಂದೆ. ಅಲ್ಲಿದ್ದ ಹುಡುಗಿ ಒಂದು ಹಾಳೆ ಕೊಟ್ಟಳು. ಕೊನೆಯಲ್ಲಿ ಎರಡು ಗೆರೆ. ಒಂದರ ಕೆಳಗೆ 'ರೋಗಿಯ ಸಹಿ', ಇನ್ನೊಂದರ ಕೆಳಗೆ 'ಪತಿಯ ಸಹಿ'. 'ಅವರು ಊರಲ್ಲಿಲ್ಲ' ಅಂದೆ. 'ಬಂದ ಮೇಲೆ ಕರ್ಕೊಂಡು ಬನ್ನಿ ಮೇಡಂ, ರೂಲ್ಸು' ಅಂದಳು.

ನನ್ನ ತಪ್ಪು ಆಗಿದ್ದು ಅಲ್ಲೇ. ಯಾರ ರೂಲ್ಸು ಅಂತ ನಾನು ಕೇಳಲಿಲ್ಲ.

ಯಾಕೆ ಕೇಳಲಿಲ್ಲ ಅಂತ ಎಷ್ಟು ಸಲ ಯೋಚಿಸಿದ್ದೇನೋ. ಎರಡು ಹೆರಿಗೆಗೂ ಯಜಮಾನರೇ ಸಹಿ ಹಾಕಿದ್ದರು. ಅದೇ ರೂಢಿ ಆಗಿತ್ತು. ಹಾಳೆ ಮೇಲೆ ಅಚ್ಚಾಗಿತ್ತಲ್ಲ, ಅಚ್ಚಾಗಿದ್ದೆಲ್ಲ ಸರ್ಕಾರದ್ದೇ ಅಂದುಕೊಂಡೆ. ಅದನ್ನು ಆಸ್ಪತ್ರೆಯವರೇ ಕಂಪ್ಯೂಟರ್‌ನಲ್ಲಿ ಟೈಪ್ ಮಾಡಿ ಜೆರಾಕ್ಸ್ ಹಾಕಿಸಿರಬಹುದು ಅಂತ ಹೊಳೆಯಲೇ ಇಲ್ಲ. ಒಳಗಿದ್ದ ಡಾಕ್ಟರನ್ನೇ ವಾಪಸ್ ಹೋಗಿ ಕೇಳಬಹುದಿತ್ತು, ಹತ್ತು ಹೆಜ್ಜೆ ಅಷ್ಟೇ. ಪಕ್ಕದಲ್ಲೇ ಸರ್ಕಾರಿ ಆಸ್ಪತ್ರೆ ಇತ್ತು, ಅಲ್ಲಿಗೂ ಹೋಗಲಿಲ್ಲ. ಇಂಥ ವಿಷಯ, ಜೋರಾಗಿ ಮಾತಾಡಿದರೆ ಸುತ್ತ ಕೂತವರಿಗೆ ಕೇಳುತ್ತೆ ಅನ್ನೋ ನಾಚಿಕೆ ಬೇರೆ. ಹಾಳೆಯನ್ನು ನಾಲ್ಕಾಗಿ ಮಡಚಿ ರೇಷನ್ ಕಾರ್ಡ್ ಕವರಲ್ಲಿಟ್ಟುಕೊಂಡು ಬಸ್ ಹತ್ತಿದೆ.

ಯಜಮಾನರು ಬೇಡ ಅಂದವರಲ್ಲ. ಫೋನಲ್ಲಿ 'ನಿಂಗೆ ಹೆಂಗೆ ಅನ್ಸುತ್ತೋ ಹಂಗೆ ಮಾಡು, ನಾನು ಬಂದು ಸಹಿ ಹಾಕ್ತೀನಿ' ಅಂದರು. ವಾಪಸ್ ಲೋಡ್ ಸಿಗದೆ ಅಲ್ಲೇ ಉಳಿದರು. ದಿನಾ ಬೆಳಗ್ಗೆ ಕ್ಯಾಲೆಂಡರ್ ಮುಂದೆ ನಿಂತು ವಾರ ಎಣಿಸುತ್ತಿದ್ದೆ. ಇಪ್ಪತ್ತು ದಿನ ಆಯಿತು. ಅವರು ಬಂದು ಪೆನ್ನು ಹಿಡಿದು ಸಹಿ ಹಾಕಿದ್ದು ಎರಡು ಸೆಕೆಂಡು. ಅಷ್ಟರಲ್ಲಿ ನನಗೆ ಹತ್ತು ವಾರ ದಾಟಿತ್ತು. ಮಾತ್ರೆ ಕೊಡಲು ನಿಯಮದಲ್ಲಿರುವುದು ಒಂಬತ್ತು ವಾರದವರೆಗೆ. ನನಗೆ ಅರಿವಳಿಕೆ ಕೊಟ್ಟು ಕ್ಲೀನ್ ಮಾಡಬೇಕಾಯಿತು. ಚೀಟಿ ದುಡ್ಡೆಲ್ಲ ಅಲ್ಲಿಗೇ ಹೋಯಿತು.

ಆಮೇಲೆ ಸುಸ್ತು ಅಂತ ಸರ್ಕಾರಿ ಆಸ್ಪತ್ರೆಗೆ ಹೋದಾಗ ಅಲ್ಲಿನ ಡಾಕ್ಟರಮ್ಮ 'ಯಾಕಮ್ಮ ಅಷ್ಟು ತಡ ಮಾಡಿದೆ?' ಅಂತ ಕೇಳಿದರು. ಹೇಳಿದೆ. ಅವರು ಡ್ರಾಯರ್ ಎಳೆದು ಒಂದು ಫಾರಂ ನನ್ನ ಮುಂದಿಟ್ಟರು. 'ಇದು ಕಾನೂನಿನ ಫಾರಂ, ಫಾರಂ ಸಿ. ಗಂಡನ ಸಹಿಗೆ ಜಾಗ ಎಲ್ಲಿದೆ, ತೋರಿಸು' ಅಂದರು. ಮೇಲಿಂದ ಕೆಳಗೆ ಓದಿದೆ. ಇಂಥವರ ಮಗಳು ಅಥವಾ ಹೆಂಡತಿ ಅಂತ ಬರೆಯಲು ಜಾಗವಿತ್ತು. ವಯಸ್ಸು ತುಂಬಿದವಳಾದರೆ ಸಹಿ ಮಾತ್ರ ಅವಳದು ಒಂದೇ.

ಗರ್ಭಪಾತದ ಕಾನೂನು, ಅಂದರೆ ಎಂಟಿಪಿ ಕಾಯ್ದೆ, 1971ರದ್ದು. 18 ತುಂಬಿದ ಹೆಣ್ಣಿಗೆ ಅವಳ ಒಪ್ಪಿಗೆ ಸಾಕು ಅಂತ ಆಗಿನಿಂದಲೂ ಇದೆ. ಪೋಷಕರ ಸಹಿ ಬೇಕಾಗುವುದು ವಯಸ್ಸು ತುಂಬದವರಿಗೆ, ಮಾನಸಿಕ ಅಸ್ವಸ್ಥರಿಗೆ ಮಾತ್ರ. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಇದನ್ನೇ ಮತ್ತೆ ಬಿಡಿಸಿ ಹೇಳಿತು. ಕಾನೂನಿನಲ್ಲಿ ಇಲ್ಲದ ಷರತ್ತು ಹಾಕಬೇಡಿ ಅಂತ ಡಾಕ್ಟರುಗಳಿಗೂ ಹೇಳಿತು. ನಾನು ಆ ಕೌಂಟರ್ ಮುಂದೆ ನಿಂತಿದ್ದಕ್ಕೆ ನಾಲ್ಕು ತಿಂಗಳ ಮೊದಲು! ಕಾನೂನು ಪೂರ್ತಿ ನಮ್ಮ ಕೈಲಿ ಕೊಟ್ಟಿದೆ ಅಂತಲ್ಲ. ಕಾರಣ ಸರಿಯಿದೆ ಅಂತ ಒಬ್ಬ ಡಾಕ್ಟರು ಒಪ್ಪಬೇಕು. ಗರ್ಭನಿರೋಧಕ ಕೈಕೊಟ್ಟಿದ್ದೂ 20 ವಾರದವರೆಗೆ ಒಂದು ಕಾರಣವೇ. ಆ ನಿರ್ಧಾರವೂ ಹೆಂಗಸಿನದೇ ಆಗಬೇಕು ಅಂತ ನನ್ನ ಅಭಿಪ್ರಾಯ. ಆದರೆ ಗಂಡನಂತೂ ಅದರಲ್ಲಿ ಎಲ್ಲೂ ಬರುವುದಿಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯೇ ತಪ್ಪು ಅನ್ನುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ. ಸಹಿ ತರಿಸುವುದು ಹೇಗೆ ಅಂತ ಹುಡುಕಬೇಡಿ. ವಾಟ್ಸಾಪಲ್ಲೂ ತರಿಸಬೇಡಿ. ಗಂಡನಿಗೆ ಹೇಳುವುದು, ಅವರ ಹತ್ತಿರ ಮನಸ್ಸು ಬಿಚ್ಚಿ ಮಾತಾಡುವುದು ನಿಮ್ಮಿಬ್ಬರ ವಿಷಯ. ನಾನೂ ಹೇಳಿದ್ದೆ. ಅಪ್ಪಣೆ ಪಡೆಯುವುದು ಬೇರೆ.

ಇನ್ನೊಂದು ವಿಷಯ. ಅದಾದ ಮೇಲೆ ಆಶಾ ಕಾರ್ಯಕರ್ತೆ ಮನೆಗೆ ಬಂದಾಗೆಲ್ಲ ನನ್ನನ್ನೇ ಕೇಳುತ್ತಿದ್ದರು, 'ಮಕ್ಕಳಾಗದ ಹಾಗೆ ಆಪರೇಷನ್ ಯಾವಾಗ ಮಾಡಿಸ್ಕೋತೀಯಾ?' ಯಜಮಾನರು ಅಲ್ಲೇ ಕೂತಿದ್ದರೂ ಅವರನ್ನು ಕೇಳುತ್ತಿರಲಿಲ್ಲ. ಆ ಅಕ್ಕನ ತಪ್ಪಲ್ಲ, ಇಡೀ ದೇಶವೇ ಹಾಗೆ ನಡೆದುಕೊಂಡು ಬಂದಿದೆ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಮದುವೆಯಾದ 100 ಹೆಂಗಸರಲ್ಲಿ ಸುಮಾರು 38 ಜನ ಆಪರೇಷನ್ ಮಾಡಿಸಿಕೊಂಡಿದ್ದಾರೆ. ಗಂಡಸರ ಆಪರೇಷನ್ ಶೇಕಡಾ 0.3. ಯಜಮಾನರೇ ಮಾಡಿಸಿಕೊಳ್ಳುವ ಮಾತು ಬಂದಾಗ ನಮ್ಮ ಅತ್ತೆ 'ಭಾರ ಎತ್ತೋ ಗಂಡಸು, ಶಕ್ತಿ ಹೋಗುತ್ತೆ' ಅಂತ ಅಳು ತೆಗೆದರು. ತುರ್ತು ಪರಿಸ್ಥಿತಿಯಲ್ಲಿ, 1976ರ ಹೊತ್ತಿಗೆ, ಗಂಡಸರನ್ನು ಹಿಡಿದು ಹಿಡಿದು ಆಪರೇಷನ್ ಮಾಡಿಸಿದ ಕಾಲ ಕಂಡವರು ಅವರು, ಆ ಹೆದರಿಕೆ ನನಗೆ ಅರ್ಥವಾಗುತ್ತೆ. ಆದರೆ ಆಮೇಲೆ ಸರ್ಕಾರ ಆ ಭಾರವನ್ನು ಹೆಂಗಸರ ಹೊಟ್ಟೆ ಮೇಲೆ ಹೊರಿಸಿದ್ದು ನ್ಯಾಯವಲ್ಲ.

ಕೊನೆಗೆ ಯಜಮಾನರೇ ಹೋದರು. ಎನ್‌ಎಸ್‌ವಿ ಅನ್ನುತ್ತಾರೆ, ಬ್ಲೇಡ್ ಹಾಕದೆ ಮಾಡುವ ಗಂಡಸರ ಆಪರೇಷನ್, ಹೊಲಿಗೆ ಇಲ್ಲ, ಅರ್ಧ ಗಂಟೆ ಕೂಡ ಆಗಲಿಲ್ಲ. ಮೂರು ತಿಂಗಳು ಕಾಂಡೋಮ್ ಬಳಸಿ, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಬೇಕು, ಅದನ್ನು ಮಾತ್ರ ತಪ್ಪಿಸಬಾರದು. ಅವತ್ತು ನಾನು ಆಧಾರ್ ಕಾರ್ಡ್, ಪೆನ್ನು ಹಿಡ್ಕೊಂಡು ಬೆಂಚಿನ ಮೇಲೆ ಕಾಯುತ್ತಿದ್ದೆ. ಯಾರೂ ಕರೆಯಲಿಲ್ಲ. ಕೊನೆಗೆ ನಾನೇ ಹೋಗಿ 'ನನ್ನ ಸಹಿ ಎಲ್ಲಿ ಹಾಕಬೇಕು?' ಅಂದೆ. ನರ್ಸ್ ತಲೆ ಎತ್ತಿ, 'ನಿಮ್ದು ಯಾಕಮ್ಮ? ಆಪರೇಷನ್ ಅವರಿಗೆ ತಾನೆ?' ಅಂದರು.

ನೀವು ನಾಳೆ ಬೆಳಗ್ಗೆಯೇ ಸರ್ಕಾರಿ ತಾಲ್ಲೂಕು ಆಸ್ಪತ್ರೆಗೋ ಜಿಲ್ಲಾಸ್ಪತ್ರೆಗೋ ಹೋಗಿ. ಮೆಡಿಕಲ್ ಶಾಪಲ್ಲಿ ಸುಮ್ನೆ ಮಾತ್ರೆ ತಗೊಂಡು ನುಂಗಬೇಡಿ. ಗರ್ಭವು ಗರ್ಭಕೋಶ ಬಿಟ್ಟು ನಾಳದಲ್ಲಿ ಕೂತಿದ್ದರೆ ಜೀವಕ್ಕೇ ಅಪಾಯ. ಅಲ್ಲೂ ಗಂಡನ ಸಹಿ ಕೇಳಿದರೆ ಯಾವ ಕಾನೂನಿನಲ್ಲಿದೆ ಅಂತ ಬರೆದುಕೊಡಲು ಹೇಳಿ, ಫಾರಂ ಸಿ ಹೆಸರು ತೆಗೆಯಿರಿ. ಆಗಲೂ ಒಪ್ಪದಿದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ. ಒಬ್ಬರೇ ಹೋಗಲು ಭಯವಾದರೆ ಅಕ್ಕನನ್ನೋ ಸ್ನೇಹಿತೆಯನ್ನೋ ಜೊತೆಗೆ ಕರ್ಕೊಂಡು ಹೋಗಿ. ಪ್ರಶ್ನೆ ಹಾಕಿದ ದಿನ ಏಳು ವಾರ ಅಂದಿದ್ದಿರಿ, ಅದಾಗಿ ಆಗಲೇ ಮೂರು ದಿನವಾಯಿತು.