ಜನವರಿ 17ರ ನಂತರ ಖಾಲಿ

ಆಪ್ತಸಲಹೆಗೆ ಅಂತ ನನ್ನ ಹತ್ತಿರ ಬಂದ ಒಬ್ಬರನ್ನು ಇಲ್ಲಿ ವಿಮಲಾ ಅಂತ ಕರೆಯುತ್ತೇನೆ. ಹೆಸರು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಬರೆಯೋಕೆ ಅವರ ಒಪ್ಪಿಗೆ ಕೇಳಿದೆ, ಬರೆದ ಮೇಲೆ ಓದಿಯೂ ಹೇಳಿದೆ. ಎರಡು ಕಡೆ ತೆಗೆಯಿರಿ ಅಂದರು, ತೆಗೆದೆ.

ವಯಸ್ಸು 44. ಮಲೆನಾಡಿನ ಅಂಚಿನ ಒಂದು ತಾಲ್ಲೂಕು ಊರು. ಗಂಡ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಮನೆಯಲ್ಲಿ ಅತ್ತೆ, ಪಿಯುಸಿ ಓದುವ ಮಗ, ಏಳನೇ ಕ್ಲಾಸಿನ ಮಗಳು. ತಲೆನೋವು, ನಿದ್ದೆ ಇಲ್ಲ ಅಂತ ಡಾಕ್ಟರ ಹತ್ತಿರ ಹೋಗಿದ್ದರು. ಬಿಪಿ, ಥೈರಾಯ್ಡ್ ಎಲ್ಲ ಸರಿಯಾಗಿಯೇ ಇತ್ತು. ಯಾರ ಹತ್ತಿರವಾದರೂ ಕೂತು ಮಾತಾಡಿ ಅಂತ ಡಾಕ್ಟರು ನನ್ನ ವಿಳಾಸ ಕೊಟ್ಟಿದ್ದರು.

ಬಂದು ಕೂತ ಐದು ನಿಮಿಷಕ್ಕೆ ಬಟ್ಟೆ ಚೀಲದಿಂದ ನಾಲ್ಕು ಡೈರಿ ತೆಗೆದು ಮೇಜಿನ ಮೇಲಿಟ್ಟರು. ಹೊಸ ವರ್ಷಕ್ಕೆ ಅಂಗಡಿಯವರು, ಬ್ಯಾಂಕಿನವರು ಕೊಡ್ತಾರಲ್ಲ, ರೆಕ್ಸಿನ್ ಹೊದಿಕೆಯ, ದಿನಕ್ಕೊಂದು ಪುಟದ್ದು, ಅದೇ.

"ನೋಡಿ ಮೇಡಂ. ನಾನು ಯಾವುದನ್ನೂ ಮುಗಿಸೋಳಲ್ಲ ಅನ್ನೋದಕ್ಕೆ ಇದೇ ಸಾಕ್ಷಿ."

ತೆಗೆದು ನೋಡಲಾ ಅಂತ ಕೇಳಿದೆ. ಸ್ವಲ್ಪ ತಡೆದು, ಹೂಂ ಅಂದರು. ಆ ತಡೆದಿದ್ದನ್ನು ನಾನು ಗಮನಿಸಬೇಕಿತ್ತು. ಗಮನಿಸಲಿಲ್ಲ.

ಒಂದು ಡೈರಿ ಜನವರಿ 17ರವರೆಗೆ. ಇನ್ನೊಂದು 11ರವರೆಗೆ. ಮೂರನೆಯದು 26. ಕೊನೆಯದು ಬರೀ ಮೂರು ದಿನ. ಆಮೇಲೆ ಎಲ್ಲ ಖಾಲಿ ಪುಟ. ಬರೆದಿದ್ದರಲ್ಲೂ ಹೆಚ್ಚೇನಿಲ್ಲ. "ಇವತ್ತು ಎಲ್ಲರೂ ಸಂತೋಷವಾಗಿದ್ದೆವು." "ಹಬ್ಬ ಚೆನ್ನಾಗಾಯಿತು." ಶಾಲೆಯಲ್ಲಿ ಮಕ್ಕಳು ಬರೆಯುವ ಪ್ರಬಂಧದ ಹಾಗೆ.

ಅವರ ದಿನ ಹೇಗಿರುತ್ತದೆ ಅಂತ ಕೇಳಿದೆ. ಬೆಳಿಗ್ಗೆ ಐದಕ್ಕೆ ಏಳೋದು, ಎರಡು ಡಬ್ಬಿ, ಅತ್ತೆಗೆ ಉಪ್ಪು ಕಡಿಮೆ ಹಾಕಿದ ಬೇರೆ ಸಾರು. ಇದನ್ನೆಲ್ಲ ವಿವರಿಸೋದು ಬೇಡ, ಓದುವವರ ಮನೆಯಲ್ಲೂ ಇದೇ ನಡೆಯುತ್ತಿರುತ್ತದೆ. ರಾತ್ರಿ ಹತ್ತೂವರೆಗೆ ಅಡುಗೆಮನೆ ಒರೆಸಿದರೆ ಅವರ ಕೆಲಸ ಮುಗಿಯಿತು.

ಸಮಯ ಇಲ್ಲ, ಅದೇ ತೊಂದರೆ ಅಂದುಕೊಂಡೆ. "ಮಲಗುವ ಮುಂಚೆ 15 ನಿಮಿಷ ಇಟ್ಕೊಳ್ಳಿ. ಮನಸ್ಸಲ್ಲಿ ಇರೋದನ್ನೆಲ್ಲ ಬರೀರಿ. ದಿನಾ ಬರೀರಿ" ಅಂತ ಹೇಳಿ ಕಳಿಸಿದೆ.

ಎರಡು ವಾರ ಬಿಟ್ಟು ಬಂದಾಗ ಕಣ್ಣಿನ ಕೆಳಗೆ ಇನ್ನೂ ಕಪ್ಪಾಗಿತ್ತು. ಒಂಬತ್ತು ರಾತ್ರಿ ಬರೆದಿದ್ದರಂತೆ. ಎಲ್ಲರೂ ಮಲಗಿದ ಮೇಲೆ, ಅಡುಗೆಮನೆ ದೀಪದ ಕೆಳಗೆ. ಒಂಬತ್ತು ರಾತ್ರಿಯೂ ಒಂದೇ ವಿಷಯ: ನನಗೇ ಯಾಕೆ ಹೀಗೆ. ಬರೆದ ಪುಟವನ್ನು ಅಲ್ಲೇ ಹರಿದು, ಚೂರು ಮಾಡಿ, ಕಸದ ಡಬ್ಬಿಯಲ್ಲಿ ತರಕಾರಿ ಸಿಪ್ಪೆಯ ಅಡಿಗೆ ತಳ್ಳಿ ಮಲಗುತ್ತಿದ್ದರು. ಮಲಗಿದರೆ ಒಂದೂವರೆಯಾದರೂ ನಿದ್ದೆ ಇಲ್ಲ.

ತಪ್ಪು ನನ್ನದು. ಆ 15 ನಿಮಿಷ ಎಲ್ಲಿಂದ ಬಂತು ಅಂತ ಹೇಳಿಬಿಡುತ್ತೇನೆ. 1986ರಲ್ಲಿ ಜೇಮ್ಸ್ ಪೆನೆಬೇಕರ್ ಮತ್ತು ಸಾಂಡ್ರಾ ಬೀಲ್ ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿದ ಒಂದು ಅಧ್ಯಯನ ಪ್ರಕಟವಾಯಿತು. ತಮಗೆ ತುಂಬ ನೋವು ಕೊಟ್ಟ ಘಟನೆಯನ್ನೂ ಅದರ ಬಗ್ಗೆ ಅನಿಸಿದ್ದನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋಗಿದ್ದು ಕಡಿಮೆ. ನಮ್ಮ ಕೆಲಸದಲ್ಲಿ ಇರುವವರೆಲ್ಲ ಇದನ್ನು ಓದಿರುತ್ತೇವೆ. ಆದರೆ ಅವರು ಬರೆದಿದ್ದು ದಿನಕ್ಕೆ 15 ನಿಮಿಷದ ಹಾಗೆ ನಾಲ್ಕೇ ದಿನ. ಅದೂ ಬರೆದು ಎದ್ದ ಕೂಡಲೇ ಮನಸ್ಸು ಹಗುರವಾಗಿರಲಿಲ್ಲ, ಇನ್ನೂ ಭಾರವೇ ಆಗಿತ್ತು. ನಾಲ್ಕು ದಿನದ ಕಷಾಯವನ್ನು ನಾನು ದಿನದ ಊಟದ ಹಾಗೆ ಬಡಿಸಿಬಿಟ್ಟಿದ್ದೆ. ಅದೂ ಮಲಗೋ ಹೊತ್ತಿಗೆ!

ವಿಮಲಾ ಅವರಿಗೆ ಹಾಗೇ ಹೇಳಿದೆ. ನಾನು ಹೇಳಿದ್ದು ಸರಿ ಇರಲಿಲ್ಲ, ಅದನ್ನು ನಿಲ್ಲಿಸಿ. ಅವರು ನಕ್ಕರು. ಮೊದಲ ಸಲ ನಕ್ಕಿದ್ದು ಅವಾಗಲೇ.

ಆದರೆ ಆ ಹರಿದ ಚೂರುಗಳು ನನ್ನ ತಲೆಯಲ್ಲೇ ಉಳಿದಿದ್ದವು. ಬರೆದವರು ಬರೆದಿದ್ದನ್ನು ಸಿಪ್ಪೆಯ ಅಡಿಗೆ ಯಾಕೆ ಬಚ್ಚಿಡುತ್ತಾರೆ? "ಈ ನಾಲ್ಕು ಡೈರಿಗೂ ಮುಂಚೆ ಬರೀತಿದ್ರಾ?" ಅಂತ ಕೇಳಿದೆ.

ಬರೀತಿದ್ದರು. ಡಿಗ್ರಿ ಓದುವಾಗಿನಿಂದ, ಮದುವೆಯಾದ ಮೇಲೂ. 200 ಪೇಜಿನ ನೋಟ್ ಬುಕ್ಕುಗಳು, ಬೀರುವಿನಲ್ಲಿ ಸೀರೆಗಳ ಕೆಳಗೆ. ಐದು ವರ್ಷದ ಹಿಂದೆ ಗೌರಿ ಹಬ್ಬಕ್ಕೆ ಬಂದ ನಾದಿನಿ ಸೀರೆ ನೋಡೋಕೆ ಬೀರು ತೆಗೆದರು. ಪುಸ್ತಕ ಸಿಕ್ಕಿತು. ಊಟಕ್ಕೆ ಎಲೆ ಹಾಕಿದ್ದಾಗ, ಎಲ್ಲರ ಎದುರು, ಒಂದು ಸಾಲನ್ನು ಜೋರಾಗಿ ಓದಿದರು. "ಇವತ್ತೂ ಸಾರಿಗೆ ಉಪ್ಪು ಜಾಸ್ತಿ ಅಂದರು. ಒಲೆ ಕಡೆ ತಿರುಗಿ ಅತ್ತುಬಿಟ್ಟೆ."

"ಬೈದರಾ ಯಾರಾದ್ರೂ?"

"ಇಲ್ಲ ಮೇಡಂ. ನಕ್ಕರು. ನಮ್ಮನೆಯವರೂ ನಕ್ಕರು. ಬೈದಿದ್ರೆ ಜಗಳನಾದ್ರೂ ಆಡಬಹುದಿತ್ತು. ನಾನೂ ನಗಬೇಕಾಯ್ತು."

ಹಬ್ಬ ಮುಗಿದ ಮೇಲೆ ಹದಿನಾಲ್ಕು ನೋಟ್ ಬುಕ್ಕುಗಳನ್ನೂ ಬಚ್ಚಲ ಒಲೆಗೆ ಹಾಕಿದರಂತೆ. "ಅವತ್ತು ನೀರು ಬೇಗ ಕಾಯ್ತು" ಅಂದರು.

ಆಮೇಲಿನ ನಾಲ್ಕು ಡೈರಿ ಯಾಕೆ ಹಾಗಿದ್ದವು ಅಂತ ನನಗೆ ಗೊತ್ತಾಯಿತು. ಯಾರಾದರೂ ಓದಿದರೆ ಓದಲಿ ಅಂತ ಬರೆದವು ಅವು. ಎಲ್ಲರೂ ಸಂತೋಷವಾಗಿದ್ದೆವು ಅಂತ ಎಷ್ಟು ದಿನ ಬರೆಯೋಕಾಗುತ್ತೆ? ನನಗಾದರೆ ಜನವರಿ 3ಕ್ಕೇ ಸಾಕಾಗಿಬಿಡುತ್ತಿತ್ತು. ಇವರನ್ನು ಸೋಮಾರಿ ಅನ್ನೋಕಾಗಲ್ಲ. ಛಲ ಇಲ್ಲ ಅನ್ನೋಕೂ ಆಗಲ್ಲ. ಒಂದು ಮನೆಯಲ್ಲಿ 21 ವರ್ಷದಿಂದ ಇದ್ದಾರೆ, ಒಂದು ಪುಸ್ತಕ ಇಡೋಕೆ ಜಾಗ ಇಲ್ಲ. ಅಷ್ಟೇ ವಿಷಯ.

ಮೂರನೇ ಸಲ ಬಂದಾಗ ಒಂದು ಪ್ರಶ್ನೆ ಕೇಳಿದೆ. ಮನೆಯಲ್ಲಿ ದಿನಾ ಪೆನ್ನು ಹಿಡಿಯೋದು ಯಾವುದಕ್ಕೆ? ಅವರಿಗೆ ಯೋಚಿಸೋದೇ ಬೇಕಾಗಲಿಲ್ಲ. "ಕ್ಯಾಲೆಂಡರ್‌ಗೆ. ಹಾಲಿನ ಲೆಕ್ಕ ಹಾಕ್ತೀನಲ್ಲ." ಹಳೇ ಕ್ಯಾಲೆಂಡರ್ ಇದ್ದರೆ ತನ್ನಿ ಅಂದೆ.

ತಂದರು. ಅಟ್ಟದ ಮೇಲೆ ಸುರುಳಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದ ಆರು ವರ್ಷದ ಕ್ಯಾಲೆಂಡರುಗಳು. ತಿಥಿ, ನಕ್ಷತ್ರ, ರಾಹುಕಾಲ ಎಲ್ಲ ಇರುವ ದೊಡ್ಡ ಅಳತೆಯವು. ಕೆಲವು ತಿಂಗಳು ಇರಲಿಲ್ಲ, ಮಕ್ಕಳ ಪುಸ್ತಕಕ್ಕೆ ಬೈಂಡ್ ಹಾಕಿದ್ದರು. ಉಳಿದ ಪ್ರತಿ ಮನೆಯಲ್ಲೂ ನೀಲಿ ಪೆನ್ನಿನಲ್ಲಿ ಇರುವೆ ಸಾಲಿನಂಥ ಅಕ್ಷರ. ಹಾಲು ಅರ್ಧ ಜಾಸ್ತಿ. ಗ್ಯಾಸ್ ಬಂತು. ಪುಟ್ಟಿಗೆ ಜ್ವರ 101. ಚೀಟಿ ಕಟ್ಟಿದೆ. ಮಳೆ, ಅಡಿಕೆ ಒಳಗೆ. ನಾದಿನಿ ಬಂದರು. ನಾದಿನಿ ಹೋದರು.

ಒಂದು ಮಂಗಳವಾರದ ಮನೆಯಲ್ಲಿ "ಅಮ್ಮ 4.20" ಅಂತಿತ್ತು.

"ಇದೇನು?"

"ಅಮ್ಮ ಹೋದ ಹೊತ್ತು."

ಆಮೇಲೆ ಮುಕ್ಕಾಲು ಗಂಟೆ ಅವರು ಮಾತಾಡಿದರು, ನಾನು ಕೇಳಿದೆ. ಅದು ಇಲ್ಲಿಗೆ ಬೇಡ. ಎದ್ದು ಹೋಗುವಾಗ ಒಂದೇ ಮಾತು ಹೇಳಿದೆ. ಯಾವುದನ್ನೂ ಮುಗಿಸೋಳಲ್ಲ ಅಂದಿರಿ. ಆರು ವರ್ಷ ಒಂದು ದಿನ ಬಿಡದೆ ಬರೆದಿದ್ದೀರಿ.

ನಮ್ಮಲ್ಲಿ ದಿನಾ ಬರೆಯೋದು ಅಂದರೆ ಲೆಕ್ಕ ಬರೆಯೋದು ಅಂತಲೇ ಅಲ್ವಾ? ಹಿಂದಿನವರು ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು, ಮಡಿಸಿ, ಬಳಪದಲ್ಲಿ ಲೆಕ್ಕ ಬರೆದಿಡುತ್ತಿದ್ದರು. ಅದಕ್ಕೆ ಕಡತ ಅಂತ ಹೆಸರು. ಈಗ ಆಫೀಸಿನ ಫೈಲಿಗೆ ಆ ಹೆಸರು ಬಂದಿದೆ. ಲೆಕ್ಕಕ್ಕೆ ಯಾರೂ ನಗುವುದಿಲ್ಲ. ವಿಮಲಾ ಅವರ ಅಭ್ಯಾಸ ಐದು ವರ್ಷ ಲೆಕ್ಕದ ಮರೆಯಲ್ಲೇ ಬದುಕಿತ್ತು.

ಇನ್ನು ಕೊಟ್ಟ ಸಲಹೆಗೆ ಬರುತ್ತೇನೆ. ಮೊದಲು ತಾರೀಖು ಅಚ್ಚಾಗಿರುವ ಡೈರಿ ಬೇಡ ಅಂದೆ. ಅದರಲ್ಲಿ ಬಿಟ್ಟ ದಿನ ಖಾಲಿ ಪುಟವಾಗಿ ಕೂತು ಕಣ್ಣು ಬಿಡುತ್ತೆ. 100 ಪೇಜಿನ ಸಾದಾ ನೋಟ್ ಬುಕ್ ಸಾಕು, ತಾರೀಖು ನಾವೇ ಹಾಕಿಕೊಂಡರೆ ಆಯಿತು. ಬಿಟ್ಟ ದಿನವನ್ನು ಆಮೇಲೆ ತುಂಬಿಸೋಕೆ ಹೋಗಬಾರದು. ನಿನ್ನೆಯದು ಹೋಯಿತು, ಇವತ್ತಿನದು ಬರೆಯಿರಿ.

ಜಾಗ ಎಲ್ಲಿ ಅನ್ನೋದಕ್ಕೆ ಜಾಸ್ತಿ ಹೊತ್ತು ಹಿಡಿಯಿತು. ಬೀರು ಬೇಡ. ಅಡುಗೆಮನೆ ಡಬ್ಬಿಗಳಲ್ಲಿ ಅತ್ತೆ ಕೈ ಹಾಕುತ್ತಾರೆ. ದೇವರ ಕೋಣೆ ಬೇಡವೇ ಬೇಡ ಅಂದರು. ಕೊನೆಗೆ ಅವರೇ ಹೇಳಿದರು, ಹೊಲಿಗೆ ಮಿಷನ್ನಿನ ಡ್ರಾಯರು. ಬಾಬಿನ್, ಚಾಕ್, ಮುರಿದ ಸೂಜಿಗಳ ಡಬ್ಬಿ ಇರುವ ಜಾಗ. ಸೂಜಿ ಚುಚ್ಚುತ್ತೆ ಅಂತ ಮನೆಯಲ್ಲಿ ಯಾರೂ ಅದನ್ನು ಮುಟ್ಟುವುದಿಲ್ಲ.

ಜಾಗದ ಹಿಂದೆಯೇ ಹೊತ್ತೂ ಸಿಕ್ಕಿತು. ಮಧ್ಯಾಹ್ನ ಅತ್ತೆ ಮಲಗಿದ ಮೇಲೆ, ಮಗಳು ಸ್ಕೂಲಿಂದ ಬರೋ ಮುಂಚೆ, ಇವರು ಸೀರೆಗೆ ಫಾಲ್ಸ್ ಹಾಕೋಕೆ ಕೂರುತ್ತಾರೆ. ಮಿಷನ್ನಿಗೆ ದಾರ ಪೋಣಿಸುವ ಮೊದಲು ಮೂರು ಸಾಲು. ಮೂರೇ. ನಾಲ್ಕನೆಯದು ಬರೆಯಬೇಕು ಅನಿಸಿದರೂ ಮೊದಲ ತಿಂಗಳು ಬೇಡ ಅಂದೆ. ಆಗಲೇ ಇರುವ ಒಂದು ಕೆಲಸದ ಬಾಲಕ್ಕೆ ಹೊಸದನ್ನು ಕಟ್ಟಿದರೆ ಅದನ್ನು ನೆನಪಿಡೋ ಕಷ್ಟ ಕಡಿಮೆ.

21 ದಿನ ಮಾಡಿದರೆ ಅಭ್ಯಾಸ ಆಗುತ್ತಂತೆ, ಹೌದಾ ಅಂತ ಕೇಳಿದರು. ಎಲ್ಲರೂ ಕೇಳುತ್ತಾರೆ. ಮುಖದ ಶಸ್ತ್ರಚಿಕಿತ್ಸೆ ಆದವರು ಹೊಸ ರೂಪಕ್ಕೆ ಒಗ್ಗಿಕೊಳ್ಳೋಕೆ ಕಡಿಮೆ ಅಂದರೂ 21 ದಿನ ಬೇಕು ಅಂತ ಅಮೆರಿಕದ ಒಬ್ಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದಿದ್ದು ಬಾಯಿಂದ ಬಾಯಿಗೆ ಹಾಗಾಗಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಜೊತೆಯವರು 96 ಜನರನ್ನು 12 ವಾರ ಗಮನಿಸಿದ್ದಾರೆ. ಅವರ ಲೆಕ್ಕದಲ್ಲಿ ಒಬ್ಬರಿಗೆ 18 ದಿನ ಸಾಕು, ಇನ್ನೊಬ್ಬರಿಗೆ 254 ದಿನ ಬೇಕು. ನಡುವಿನ ಲೆಕ್ಕ 66. ನನಗೆ ಅದರಲ್ಲಿ ಮುಖ್ಯ ಅನಿಸಿದ್ದು ಬೇರೆ: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಏನೂ ಕೆಡುವುದಿಲ್ಲ. ಇದನ್ನು ಎರಡು ಸಲ ಹೇಳಿದೆ.

ಏನು ಬರೆಯೋದು? "ಯಾಕೆ" ಅಂತ ಶುರುಮಾಡಬೇಡಿ, "ಏನಾಯಿತು" ಅಂತ ಶುರುಮಾಡಿ ಅಂದೆ. ಯಾಕೆ ನನಗೇ ಹೀಗೆ ಅನ್ನೋದು ಗಾಣ ಇದ್ದ ಹಾಗೆ, ಸುತ್ತಿದಲ್ಲೇ ಸುತ್ತುತ್ತೆ. ಕಂಡಿದ್ದು, ಕೇಳಿದ್ದು, ಕೈಯಲ್ಲಿ ಮಾಡಿದ್ದು ಬರೆಯಿರಿ. ಬೇಜಾರು ಅದರ ಜೊತೆಗೆ ತಾನಾಗಿ ಬರುತ್ತೆ, ಬಂದರೆ ಬರಲಿ. ಇನ್ನೊಂದು ಮಾತನ್ನು ನಾನು ಬರೆಯುವವರಿಗೆಲ್ಲ ಹೇಳುತ್ತೇನೆ, ಇವರಿಗೂ ಹೇಳಿದೆ. ಬದುಕೋದೇ ಬೇಡ ಅನ್ನುವ ಸಾಲು ಕೈಯಿಂದ ಬಂತು ಅಂದರೆ ಪುಸ್ತಕ ಮುಚ್ಚಿ ಫೋನ್ ತಗೊಳ್ಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ನಂಬರ್ 14416. ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಗಂಡನನ್ನು ಒಮ್ಮೆ ಕರೆಸಿದೆ. ಒಳ್ಳೆಯವರು, ಸ್ವಲ್ಪ ಸಂಕೋಚ. "ನಾನು ಓದಲ್ಲ ಮೇಡಂ, ನಂಗೆ ಟೈಮೆಲ್ಲಿ" ಅಂದರು. ಅವರ ಅಂಗಿ ಜೇಬಿನಲ್ಲಿ ಮಂಡಿಯ ಲೆಕ್ಕದ ಸಣ್ಣ ಪುಸ್ತಕ ಇಣುಕುತ್ತಿತ್ತು. ಇದನ್ನು ಮನೆಯಲ್ಲಿ ಯಾರಾದರೂ ತೆಗೆದು ಓದಿದ್ದಾರಾ ಅಂತ ಕೇಳಿದೆ. "ಯಾರು ಮುಟ್ತಾರೆ? ಇದು ಲೆಕ್ಕದ್ದು." ಹೇಳಿದವರೇ ಸುಮ್ಮನಾದರು. ಗೌರಿ ಹಬ್ಬದ ಊಟ ಅವರಿಗೆ ನೆನಪೇ ಇರಲಿಲ್ಲ. ವಿಮಲಾ ಹೇಳಿದಾಗ ನಿಜವಾಗಿಯೂ ಆಶ್ಚರ್ಯಪಟ್ಟರು. ನಾನು ಕ್ಷಮೆ ಕೇಳಿಸೋಕೆ ಹೋಗಲಿಲ್ಲ. ಮಿಷನ್ ಡ್ರಾಯರು ಅಮ್ಮನದು, ಕೈ ಹಾಕಬಾರದು ಅಂತ ಎಲ್ಲರೂ ಊಟಕ್ಕೆ ಕೂತಾಗ ಒಂದು ಸಲ ಹೇಳಿ, ಸಾಕು ಅಂದೆ. ಹೇಳಿದರಂತೆ. ಅತ್ತೆ "ಅದರಲ್ಲಿ ಏನಿದೆ ಮಣ್ಣು, ಸೂಜಿ" ಅಂದರಂತೆ.

ಮುಂದಿನ ಸಲ ಬಂದಾಗ ಒಂದು ದಿನದ್ದು ಓದಿ ತೋರಿಸಿದರು. ನಾನು ಕೇಳಿರಲಿಲ್ಲ. "ಕರೆಂಟು ಹೋಯಿತು. ಫ್ಯಾನಿನ ಸದ್ದು ನಿಂತಿದ್ದಕ್ಕೆ ಒಳಗೆ ಅತ್ತೆ ಹಾಡಿಕೊಳ್ಳೋದು ಕೇಳಿಸಿತು. ಅವರಿಗೆ ಹಾಡು ಬರುತ್ತೆ ಅಂತ ನನಗೆ ಗೊತ್ತಿರಲಿಲ್ಲ."

ಅಷ್ಟು ಓದುವಾಗ ಪುಸ್ತಕವನ್ನು ತೋಳಿನಷ್ಟು ದೂರ ಹಿಡಿದಿದ್ದರು. ನೋಡಿ ನನಗೆ ನಗು ಬಂತು. ಕಣ್ಣು ತೋರಿಸಿದ್ದೀರಾ ಅಂದೆ. ಇಲ್ಲ. ನಲವತ್ತು ದಾಟಿ ನಾಲ್ಕು ವರ್ಷ, ದಿನಾ ಹೊಲಿಗೆ! ತಲೆನೋವಿನಲ್ಲಿ ಅರ್ಧ ಕನ್ನಡಕದಿಂದಲೇ ಹೋಯಿತು. ನನ್ನ ಸಲಹೆಯ ಲೆಕ್ಕಕ್ಕೆ ಅದನ್ನು ಸೇರಿಸಿಕೊಳ್ಳುವ ಹಾಗಿಲ್ಲ.

ನಿದ್ದೆ ನಿಧಾನವಾಗಿ ಸುಧಾರಿಸಿತು, ಪೂರ್ತಿ ಅಲ್ಲ. ಮಗನ ಪರೀಕ್ಷೆಯ ತಿಂಗಳು ಬರವಣಿಗೆ ಏರುಪೇರಾಯಿತು. ಅತ್ತೆಯ ಕಣ್ಣಿನ ಪೊರೆಯ ಆಪರೇಷನ್ ಆದಾಗ ಒಂಬತ್ತು ದಿನ ಬರೆದೇ ಇರಲಿಲ್ಲ. ಫೋನ್ ಮಾಡಿ ಹೇಳಿದರು, ದನಿಯಲ್ಲಿ ಹಳೇ ಭಯ ಇತ್ತು. ಹತ್ತನೇ ದಿನ ಏನು ಮಾಡಿದಿರಿ ಅಂತ ಕೇಳಿದೆ. "ತಾರೀಖು ಹಾಕಿದೆ. 'ಅತ್ತೆ ಪಟ್ಟಿ ಬಿಚ್ಚಿದರು, ಗೋಡೆ ಬಣ್ಣ ಇಷ್ಟು ಹಳದಿನಾ ಅಂದರು' ಅಂತ ಬರೆದೆ."

ಏಳನೇ ಭೇಟಿ ಕೊನೆಯದು. ಬಟ್ಟೆ ಚೀಲದಲ್ಲಿ ಟೊಮೆಟೊ, ಒಂದು ಕಟ್ಟು ಕೊತ್ತಂಬರಿ ಇತ್ತು. ಪುಸ್ತಕ ತಂದಿಲ್ವಾ ಅಂದೆ. ಸುಮ್ನೆ ಕುತೂಹಲಕ್ಕೆ ಕೇಳಿದ್ದು, ಕೇಳಬಾರದಿತ್ತು.

"ಇಲ್ಲ ಮೇಡಂ" ಅಂದರು. "ಅದು ಡ್ರಾಯರಲ್ಲೇ ಇರ್ಲಿ."